ದಿಂಬಿನಡಿಯ ಚಾಕು

ಇಪ್ಪತ್ತೆರಡು ಪ್ರತಿಜ್ಞೆಗಳನ್ನು ಕೌಸಲ್ಯಾಬಾಯಿ ಅವತ್ತು ಎರಡು ಸಲ ಓದಿದಳು. ಓದಿದ್ದು ಭಕ್ತಿಗಲ್ಲ, ತನಿಖೆಗೆ. ಭಾಲ್ಕಿಯ ಅವರ ಮನೆಯ ಪಡಸಾಲೆಯಲ್ಲಿ ಬುದ್ಧನ ಫೋಟೊ, ಬಾಬಾಸಾಹೇಬರ ಫೋಟೊ, ಎರಡರ ನಡುವೆ, ಬೌದ್ಧರಾಗುವಾಗ ಬಾಬಾಸಾಹೇಬರು ಮಾಡಿಸಿದ ಆ ಪ್ರತಿಜ್ಞೆಗಳು ಕಟ್ಟು ಹಾಕಿಸಿಕೊಂಡು ತೂಗುತ್ತವೆ. ಒಂದೊಂದರ ಮೇಲೂ ಬೆರಳಿಟ್ಟು ಕೆಳಗಿನ ತನಕ ಇಳಿದಳು. ಕೂಸಿನ ದಿಂಬಿನ ಕೆಳಗೆ ಚಾಕು ಇಡಬಾರದು ಅಂತ ಎಲ್ಲಿಯೂ ಬರೆದಿರಲಿಲ್ಲ. ಕದಿಯಬಾರದು, ಸುಳ್ಳು ಹೇಳಬಾರದು ಅಂತ ಬರೆದಿತ್ತು ಖರೆ; ಆ ಎರಡು ಸಾಲುಗಳ ಮೇಲೆ ಬೆರಳು ಸ್ವಲ್ಪ ಜೋರಾಗಿಯೇ ಓಡಿತು.

ಗಂಡ ಬಚ್ಚಲಲ್ಲಿದ್ದ. ಗೂಟಕ್ಕೆ ತೂಗುಹಾಕಿದ್ದ ಅವನ ಬೂದು ಜಾಕೀಟಿನ ಒಳಜೇಬಿಗೆ ಕೈ ಹಾಕಿ ಚಾಕು ತೆಗೆದಳು. ಮಗಳು ಪೂನಮಳನ್ನು ಮರುದಿನ ಹೆರಿಗೆಗಾಗಿ ಬೀದರಿನ ದವಾಖಾನೆಗೆ ಸೇರಿಸುವುದಿತ್ತು. ಚೊಚ್ಚಲ ಹೆರಿಗೆ. ದಿಂಬಿನಡಿ ಕಬ್ಬಿಣ ಇದ್ದರೆ ಕೂಸು ನಿದ್ದೆಯಲ್ಲಿ ಬೆಚ್ಚುವುದಿಲ್ಲ ಅಂತ ಕೌಸಲ್ಯಾಬಾಯಿಯ ಅವ್ವ ಹೇಳುತ್ತಿದ್ದಳು, ಅವ್ವನ ಅವ್ವ ಹೇಳುತ್ತಿದ್ದಳು. ಓದಿದವರು ಬೇಕಾದರೆ ನಗಲಿ. ಮಗಳು ಹೆರಿಗೆಯ ನೋವು ತಿನ್ನುವಾಗ ಹೊರಗೆ ಕುಳಿತ ತಾಯಿಗೆ ಏನಾದರೊಂದು ಆಸರೆ ಬೇಕೋ ಬೇಡವೋ?

ಗೋರಖನಾಥನ ಎದುರು ಈ ಮಾತು ಆಡುವ ಹಾಗಿರಲಿಲ್ಲ. ಪೂನಮ ಹುಟ್ಟಿದಾಗ ಕೌಸಲ್ಯಾಬಾಯಿಯ ಅವ್ವ ಇಟ್ಟಿದ್ದ ಕುಡಗೋಲನ್ನು ಎತ್ತಿ ಹಿತ್ತಲಿಗೆ ಒಗೆದು, ಮೂಢನಂಬಿಕೆಯ ಮೇಲೆ ಒಂದು ತಾಸು ಭಾಷಣ ಮಾಡಿದ ಮನುಷ್ಯ ಅವನು. ಆ ಮುದುಕಿ ಸಾಯುವ ತನಕ ಅಳಿಯನ ಮುಂದೆ ಕುಡಗೋಲು ಅನ್ನುವ ಪದ ಆಡಲಿಲ್ಲ.

ಅಡುಗೆ ಮನೆಯಲ್ಲಿ ಬೇರೆ ಚಾಕು ಇರಲಿಲ್ಲವೇ ಅಂದರೆ, ಇದ್ದವು. ಆದರೆ ಎಳೇ ಕೂಸಿನ ತಲೆಯ ಕೆಳಗೆ ಬಾಯಿ ತೆರೆದ ಚಾಕು ಇಡಲು ಯಾರಿಗೆ ಧೈರ್ಯ? ಗೋರಖನಾಥನ ಚಾಕುವಿನ ಬಾಯಿಗೆ ಬೀಗ ಇತ್ತು. ದನದ ದವಾಖಾನೆಯಲ್ಲಿ ಅವನು ಕಂಪೌಂಡರ್ ಆಗಿ ಸೇರಿದ ಹೊಸತರಲ್ಲಿ, ವರ್ಗವಾಗಿ ಹೊರಟ ಡಾಕ್ಟರರೊಬ್ಬರು ಕೊಟ್ಟುಹೋದ ಪರದೇಶದ ಮಾಲು ಅದು. ಅಂಗೈಯಷ್ಟುದ್ದದ ಕಟ್ಟಿಗೆಯ ಹಿಡಿ, ಅದರೊಳಗೆ ಮಡಚಿಕೊಳ್ಳುವ ಅಲಗು, ಕೊರಳಿಗೊಂದು ಹಿತ್ತಾಳೆಯ ಉಂಗುರ. ಉಂಗುರ ತಿರುವಿದರೆ ತೆರೆದ ಅಲಗು ಮಡಚುವುದಿಲ್ಲ, ಮಡಚಿದ ಅಲಗು ತೆರೆಯುವುದಿಲ್ಲ. ಹಿಡಿಯ ಬೆನ್ನಿಗೆ ಬಾಟಲಿಯ ಬೂಚು ಕೀಳುವ ತಿರುಪುಮೊಳೆ ಬೇರೆ. ಹೆಂಡದ ಬಾಟಲಿಗೆಂದೇ ಆ ದೇಶದವರು ಮಾಡಿದ ಮೊಳೆಯಂತೆ. ಜನ್ಮದಲ್ಲಿ ಒಂದು ತೊಟ್ಟು ಬಾಯಿಗೆ ಹಾಕದ ಗೋರಖನಾಥ ಅದರಿಂದ ಎತ್ತು ಎಮ್ಮೆಗಳ ಹೊಟ್ಟೆಯುಬ್ಬರದ ಔಷಧದ ಬಾಟಲಿ ತೆಗೆದ, ದನ ಕಟ್ಟುವ ದಾವಣಿಯ ಬಿಗಿದ ಗಂಟು ಬಿಚ್ಚಿದ, ಮೂವತ್ತು ವರ್ಷ ನೌಕರಿ ಮಾಡಿದ. “ಕಂಪೌಂಡರ ಸಾಹೇಬರು ಸಂಜಿಗಿ ಯಾವ ಬಾಟ್ಲಿ ತೆಗೀತಾರೋ ಯಾರಿಗ್ಗೊತ್ತು” ಅಂತ ಊರ ಜನ ನಗುತ್ತಿದ್ದರು. ಅವನೂ ನಗುತ್ತಿದ್ದ.

ಪೂನಮಳಿಗೆ ಹೆಣ್ಣು ಕೂಸು ಹುಟ್ಟಿತು, ಶನಿವಾರ ಬೆಳಗ್ಗೆ. ಆಪರೇಷನ್ ಆದ ಮಗಳು ಮಂಪರಿನಲ್ಲಿದ್ದಾಗ ಕೌಸಲ್ಯಾಬಾಯಿ ಚಾಕುವನ್ನು ದಿಂಬಿನ ಕೆಳಗೆ ಸರಿಸಿದಳು. ಸರಿಸಿ ಸೆರಗು ಸರಿ ಮಾಡಿಕೊಳ್ಳುವಷ್ಟರಲ್ಲಿ ಗಂಡ ಬುತ್ತಿ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ. ಮೊಮ್ಮಗಳನ್ನು ನೋಡಿದ, ಕಣ್ಣು ತುಂಬಿಕೊಂಡ, ಕಾಲ್ಬೆರಳು ಕೈಬೆರಳು ಎಲ್ಲ ಎಣಿಸಿದ. ಆಮೇಲೆ ತಲೆ ಕೆರೆದುಕೊಂಡ.

“ನನ್ನ ಚಾಕು ನೋಡೀಯೇನ ಕೌಸಲ್ಯಾ? ಜಾಕೀಟಿನಾಗ ಇಟ್ಟಿದ್ದೆ, ಇಲ್ಲ.”

ಚಾಕು ಅವನ ಕೈಯಿಂದ ಒಂದು ಗೇಣು ದೂರದಲ್ಲಿತ್ತು. ಆಗಲೇ ಹೇಳಿಬಿಟ್ಟಿದ್ದರೆ ಹೆಚ್ಚೆಂದರೆ ಇನ್ನೊಂದು ತಾಸಿನ ಭಾಷಣ. ಆದರೆ ವಾರ್ಡಿನಲ್ಲಿ ಹತ್ತು ಮಂದಿ ಹೆಂಗಸರು. ಅವರೆದುರು ಭಾಷಣ ಕೇಳುವುದಕ್ಕಿಂತ ತಾನೇ ಗಂಡನ ಮೇಲೆ ಹರಿಹಾಯುವುದು ವಾಸಿ ಅನ್ನಿಸಿತು ಅವಳಿಗೆ. “ನಾ ಯಾಕ ನೋಡ್ಲಿ? ಬಾಣಂತನ ಮಾಡ್ಲೋ, ನಿಮ್ಮ ಚಾಕು ಕಾಯ್ಲೋ?” ಅಂದಳು.

ಗೋರಖನಾಥ ಪೆಚ್ಚಾಗಿ, “ಹಂಗಲ್ಲ, ಸುಮ್ಮ ಕೇಳ್ದೆ” ಅಂದು ಬುತ್ತಿ ಬಿಚ್ಚತೊಡಗಿದ.

ನಾಲ್ಕು ದಿನ ಬಿಟ್ಟು ಮನೆಗೆ ಹೋದಾಗ ಜಾಕೀಟಿನಲ್ಲಿ ವಾಪಸ್ ಇಟ್ಟರಾಯಿತು ಅನ್ನುವುದು ಅವಳ ಲೆಕ್ಕ. ಲೆಕ್ಕ ಕೆಟ್ಟದ್ದು ಪಕ್ಕದ ಮಂಚದ ಚಾಂದಬೀಯಿಂದ. ಚಾಂದಬೀ ಬೀದರಿನ ಚೌಬಾರಾ ಕಡೆಯವಳು, ಸೊಸೆಯ ಹೆರಿಗೆಗೆ ಬಂದವಳು. ಹಾಸಿಗೆ ಕೊಡಹುವಾಗ ಅವಳ ಕಣ್ಣಿಗೆ ಚಾಕು ಬಿತ್ತು.

“ಅರೆ ಅಕ್ಕಾ! ಲೋಹಾ ಇಟ್ಟೀಯಲ್ಲ, ಭೇಷ್ ಮಾಡ್ದಿ. ನಮ್ಮ ಪೋತಿ ಮೂರ ದಿನದಿಂದ ಒಂದೇ ಸಮ ಕಿರಚ್ಲತ್ತದ. ಒಂದ ಘಳಿಗಿ ಕೊಡು ಮಾ. ನನ್ನ ಮಗ ಮುಜೀಬೋದ್ದೀನಗ ಮಾತ್ರ ಹೇಳಬ್ಯಾಡ, ‘ಅಮ್ಮೀ, ಇದೆಲ್ಲಾ ಏನು’ ಅಂತ ಜೀವಾ ತಿಂತಾನ.”

ಒಲ್ಲೆ ಅನ್ನಲು ಹೇಗೆ ಬರುತ್ತದೆ? ಕೌಸಲ್ಯಾಬಾಯಿ ಚಾಕುವನ್ನು ಮಂಚದ ಅಂಚಿಗೆ ಇಟ್ಟಳು, ಚಾಂದಬೀ ಅಲ್ಲಿಂದ ಎತ್ತಿಕೊಂಡಳು. ಚಾಕು ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದೆ. ಅದು ಇಬ್ಬರಿಗೂ ಗೊತ್ತಿದ್ದ ಶಾಸ್ತ್ರ. ಪೋತಿ, ಅಂದರೆ ಚಾಂದಬೀಯ ಮೊಮ್ಮಗಳು, ಆವತ್ತು ಮಧ್ಯಾಹ್ನ ಗಡದ್ದಾಗಿ ನಿದ್ದೆ ಹೋಯಿತು. ಅದರ ಹೊಟ್ಟೆನೋವಿಗೆ ಬೆಳಗ್ಗೆಯೇ ಡಾಕ್ಟರು ಹನಿ ಬರೆದುಕೊಟ್ಟಿದ್ದರು ಅನ್ನುವುದು ಬೇರೆ ಮಾತು, ಆದರೆ ಕೀರ್ತಿ ಹೋದದ್ದು ಚಾಕುವಿಗೆ. ಅಲ್ಲಿಂದ ಚಾಕು ಎರಡೂ ಮಂಚಗಳ ನಡುವೆ ಓಡಾಡಿಕೊಂಡಿತ್ತು. ಗುರುವಾರ ಡಿಸ್ಚಾರ್ಜಿನ ಚೀಟಿ ಬಂದಾಗ, ಕಾರಿನವನು ಕೆಳಗೆ ಹಾರ್ನ್ ಹೊಡೆಯುತ್ತಿದ್ದ, ಗಂಡ ಮೇಲೆ ಕೂಗುತ್ತಿದ್ದ, ಕೂಸು ಅಳುತ್ತಿತ್ತು. ಕೌಸಲ್ಯಾಬಾಯಿ ಬಿಸಿನೀರಿನ ಥರ್ಮಾಸ್ ಮರೆಯಲಿಲ್ಲ, ಹಳೇ ಸೀರೆಯ ಚಿಂದಿ ಮರೆಯಲಿಲ್ಲ, ಮಂಚದ ಕೆಳಗಿನ ಚಪ್ಪಲಿ ಮರೆಯಲಿಲ್ಲ. ಚಾಕು ಮರೆತಳು.

ಭಾಲ್ಕಿಯ ರೈಲ್ವೆ ಗೇಟು ದಾಟುವಾಗ ನೆನಪಾಯಿತು.

ಮರೆತವಳು ಅವಳು. ಆದರೆ ಮರೆವಿನ ಭಯ ಹತ್ತಿದ್ದು ಗೋರಖನಾಥನಿಗೆ.

ಕೆಲವು ಮನೆಗಳಲ್ಲಿ ಸಕ್ಕರೆ ರೋಗ ಬರುತ್ತದೆ, ಕೆಲವು ಮನೆಗಳಲ್ಲಿ ಕೀಲುನೋವು. ಗೋರಖನಾಥನ ಅಣ್ಣನಿಗೆ ಬಂದದ್ದು ಮರೆವು. ಸಾಲೆಯ ಹೆಡ್ ಮಾಸ್ತರ ಆಗಿದ್ದವನು, ಇಡೀ ತಾಲೂಕಿನ ಮಕ್ಕಳ ಹೆಸರು ಬಾಯಿಪಾಠ ಇದ್ದವನು. ಮೊದಲು ಚಸ್ಮಾ ಎಲ್ಲಿಟ್ಟೆ ಅಂತ ಮರೆತ, ಆಮೇಲೆ ಹೊಲದ ದಾರಿ ಮರೆತ. ಕೊನೆಗೆ ಒಂದು ಸಂಜೆ, ರೊಟ್ಟಿ ಬಡಿಸುತ್ತಿದ್ದ ಹೆಂಡತಿಯ ಮುಖ ನೋಡಿ, “ಬಾಯೀ, ನೀವು ಯಾರ ಪೈಕಿ?” ಅಂತ ಬಲು ಮರ್ಯಾದೆಯಿಂದ ಕೇಳಿದ. ಆ ಹೆಣ್ಣುಮಗಳು ರೊಟ್ಟಿ ಅಲ್ಲೇ ಬಿಟ್ಟು ಗೋಡೆಗೆ ಮುಖ ಮಾಡಿ ಅತ್ತದ್ದನ್ನು ಗೋರಖನಾಥ ಕಣ್ಣಾರೆ ಕಂಡಿದ್ದ.

ಹಾಗಾಗಿ ಚಾಕು ಹುಡುಕುವುದು ಅವನಿಗೆ ಚಾಕುವನ್ನು ಮಾತ್ರ ಹುಡುಕುವುದಾಗಿರಲಿಲ್ಲ. ಮೊದಲೆರಡು ದಿನ ಕಪಾಟು ಹುಡುಕಿದ, ಟ್ರಂಕು ಹುಡುಕಿದ, ಅಕ್ಕಿ ಡಬ್ಬಿಯಲ್ಲೂ ಕೈಯಾಡಿಸಿದ. ಆಮೇಲೆ ಹುಡುಕುವುದನ್ನು ನಿಲ್ಲಿಸಿ ಸುಮ್ಮನೆ ಕೂರತೊಡಗಿದ. ಕೌಸಲ್ಯಾಬಾಯಿಗೆ ಹೆಚ್ಚು ಹೆದರಿಕೆಯಾದದ್ದು ಆ ಸುಮ್ಮನಿರುವುದಕ್ಕೆ.

“ಜಾಕೀಟಿನಾಗ ಇಟ್ಟಿದ್ದು ನನಗ ಕಣ್ಣಿಗಿ ಕಟ್ಟಿದಂಗ ಅದ” ಅಂದ ಒಂದು ಬೆಳಗ್ಗೆ, ಚಹಾದ ಬಟ್ಟಲು ಹಿಡಿದು. “ಆದರ ಅಲ್ಲಿಲ್ಲ. ಅಂದ ಮ್ಯಾಗ ನಾ ಇಟ್ಟಿಲ್ಲ. ಇಡಲಾರದ್ದು ಇಟ್ಟಂಗ ಕಾಣಲತ್ತದ ಅಂದ್ರ ಹ್ಯಾಂಗ, ಹೇಳು? ಅಣ್ಣಗೂ ಹಿಂಗೇ ಸುರು ಆಗಿತ್ತು.”

“ಅಯ್ಯ, ಎಲ್ಲೋ ಬಿದ್ದಿರ್ತದ ಬಿಡ್ರಿ. ಒಂದ ಚಾಕುವಿಗಿ ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ” ಅಂದಳು.

ಅದೇ ದಿನ ಸಾಯಗಾಂವದಿಂದ ಹಾವಗೆಪ್ಪನ ಫೋನು ಬಂತು. ಎಮ್ಮೆ ಕರು ಹಾಕಲು ತ್ರಾಸ ಪಡುತ್ತಿದೆ, ಡಾಕ್ಟರು ಬರುವ ತನಕ ಕಂಪೌಂಡರು ಬಂದು ನಿಲ್ಲಬೇಕು. ನಿವೃತ್ತಿಯಾಗಿ ಹನ್ನೊಂದು ವರ್ಷವಾದರೂ ಇಂಥ ಫೋನು ಬಂದರೆ ಗೋರಖನಾಥ ಅರ್ಧ ಊಟಕ್ಕೆ ಎದ್ದು ಹೋಗುವವನು. ಅವತ್ತು ಮಾತ್ರ, “ನನ್ನ ಕೈಲೆ ಆಗೂದಿಲ್ಲಪ್ಪಾ ಹಾವಗೆಪ್ಪಾ. ಏನರ ಹೆಚ್ಚುಕಮ್ಮಿ ಮಾಡ್ಬಿಟ್ರ ಮೂಕ ಪ್ರಾಣಿ ಜೀವಾ ಹೋಗ್ತದ” ಅಂದು ಫೋನು ಇಟ್ಟ. ಇಟ್ಟವನೇ ಮೊಪೆಡ್ಡಿನ ಕೀಲಿ ತಂದು ಪೂನಮಳ ಮಂಚದ ಮೇಲೆ ಇರಿಸಿ, “ಇದು ನಿನ್ನ ಹಂತೇಕ ಇರ್ಲಿ ಮಗಳ. ದಾರಿ ಮರ್ತು ಎಲ್ಲ್ಯರ ಹೋದ್ರ ನಿಮಗ ತ್ರಾಸು” ಅಂದ.

ಪೂನಮ ಏನೂ ಗೊತ್ತಿಲ್ಲದವಳು, ಅವ್ವನ ಮುಖ ನೋಡಿದಳು. ಕೌಸಲ್ಯಾಬಾಯಿ ಅಡುಗೆ ಮನೆಗೆ ಹೋಗಿ ನೀರಿನ ನಳ ಜೋರಾಗಿ ಬಿಟ್ಟು ಅತ್ತಳು. ಮನುಷ್ಯನಿಗೆ ಎಪ್ಪತ್ತೊಂದು ವರ್ಷ. ಕಣ್ಣು ಛಲೋ, ಕಿವಿ ಛಲೋ, ತಲೆ ಅಂತೂ ಪಂಚಾಂಗ. ಅಂಥವನ ತಲೆಗೆ ತನ್ನ ಕೈಯಾರೆ ಹುಳ ಬಿಟ್ಟಂತಾಯಿತಲ್ಲ! ಹೇಳಿಬಿಡಬೇಕು ಅಂತ ಮೂರು ಸಲ ಪಡಸಾಲೆಯ ತನಕ ಬಂದಳು. ಮೂರು ಸಲವೂ ಬಾಯಿ ಬರಲಿಲ್ಲ. ಮೊದಲು ಚಾಕು ಕೈಗೆ ಬರಲಿ, ಆಮೇಲೆ ನೋಡೋಣ ಅಂದುಕೊಂಡಳು.

ಬುಧವಾರ ಬೆಳಗ್ಗೆ, ಪೂನಮಳ ರಿಪೋರ್ಟು ತರುವುದಿದೆ ಅಂತ ಹೇಳಿ ಆಧಾರ್ ಕಾರ್ಡು ತೋರಿಸಿ ಫ್ರೀ ಬಸ್ಸು ಹತ್ತಿದಳು. ಬೀದರಿನಲ್ಲಿ ಚೌಬಾರಾದ ಹಿಂದಿನ ಓಣಿಗಳಲ್ಲಿ ಅರ್ಧ ತಾಸು ತಿರುಗಿ, ಮೂರು ಜನ ಬೇರೆ ಚಾಂದಬೀಯರ ಬಾಗಿಲು ತಟ್ಟಿ, ನಾಲ್ಕನೆಯದಕ್ಕೆ ಸರಿಯಾದವಳು ಸಿಕ್ಕಳು.

“ಹಾಯ್ ಅಲ್ಲಾ, ನೀ ಹೋದ ಮ್ಯಾಲ ನಾ ಎಷ್ಟು ಪರೇಶಾನ ಆದೆ ಗೊತ್ತೇನು! ನಂಬರ್ ಇಲ್ಲ, ಪತ್ತಾ ಇಲ್ಲ” ಅಂತ ಚಾಂದಬೀ ಕೈ ಹಿಡಿದು ಒಳಗೆ ಕರೆದಳು. ಚಹಾ ಕುಡಿಸದೆ ವಿಷಯಕ್ಕೆ ಬರಲಿಲ್ಲ. ಬಂದಾಗ ವಿಷಯ ಔರಾದದಲ್ಲಿತ್ತು. ಇವರು ಖಾಲಿ ಮಾಡಿದ ಮಂಚಕ್ಕೆ ಔರಾದದ ಸುಮಿತ್ರಾಬಾಯಿ ಸೊಸೆಯನ್ನು ಕರೆದುಕೊಂಡು ಬಂದಳಂತೆ. ದಿನ ತುಂಬದೆ ಹುಟ್ಟಿದ ಗಂಡು ಕೂಸು, ಎರಡು ಕಿಲೊ ಕೂಡ ಇಲ್ಲ. “ಅದರ ದಾದಿ, ಆ ಸುಮಿತ್ರಾಬಾಯಿ, ಕೂತು ಅಳೂದು ನೋಡ್ಲಾರದ ಇಟ್ಕೋ ಅಂತ ಕೊಟ್ಟುಬಿಟ್ಟೆ, ಅಕ್ಕಾ. ನಿಂದು ಅಂತ ಹೇಳೇ ಕೊಟ್ಟೀನಿ. ಕೆಟ್ಟದ್ದು ಮಾಡ್ದೆನೇನು?”

“ಇಲ್ಲ ತೊಗೋ, ಛಲೋನೇ ಮಾಡ್ದಿ” ಅಂದಳು ಕೌಸಲ್ಯಾಬಾಯಿ. ಮನಸ್ಸಿನೊಳಗೆ ಮಾತ್ರ, ನಿನ್ನ ಕರುಣೆಗಿಷ್ಟು ಬೆಂಕಿ ಬೀಳಲಿ ಅಂತ ಬಂತು. ಬಂದದ್ದಕ್ಕೆ ಆ ಕ್ಷಣವೇ ನಾಚಿಕೆಯೂ ಆಯಿತು. ಸುಮಿತ್ರಾಬಾಯಿಯ ನಂಬರು ಬರೆಸಿಕೊಂಡು ಔರಾದದ ಬಸ್ಸು ಹಿಡಿದಳು.

ಔರಾದದ ಬಸ್ ಸ್ಟ್ಯಾಂಡಿನ ಹಿಂದೆಯೇ ಮನೆ, ಮುಂದೆ ಬೀಜ ಗೊಬ್ಬರದ ಅಂಗಡಿ. ಫೋನು ಮಾಡಿಯೇ ಬಂದಿದ್ದರಿಂದ ಸುಮಿತ್ರಾಬಾಯಿ ಬಾಗಿಲಲ್ಲಿ ಕಾಯುತ್ತಿದ್ದಳು, ಹಣೆಗೆ ವಿಭೂತಿ, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. “ಶರಣು ಬರ್ರೀ” ಅಂದು ಕಾಲಿಗೆ ನೀರು ಕೊಟ್ಟಳು. ಒಳಗೆ ಬಸವಣ್ಣನ ಫೋಟೊದ ಕೆಳಗೆ ಬಾಣಂತಿ ಮಲಗಿದ್ದಳು. ಮಗ್ಗುಲಲ್ಲಿ ಹತ್ತಿಯ ಅರಿವೆಯಲ್ಲಿ ಸುತ್ತಿದ ಕೂಸು, ಹಿಡಿಯಷ್ಟು ಮುಖ.

ಸುಮಿತ್ರಾಬಾಯಿ ದನಿ ಇಳಿಸಿದಳು. “ನಮ್ಮ ಯಜಮಾನರಿಗಿ ಗೊತ್ತಿಲ್ರಿ. ಶರಣರು ಇಂಥಾದ್ದೆಲ್ಲ ನಂಬಬ್ಯಾಡಂದಾರ ಅಂತ ವಚನ ಹೇಳಿ ಹೇಳಿ ಕಿವಿ ತೂತ ಮಾಡ್ತಾರ. ನಿನ್ನಿನೇ ಮನಿಗಿ ಬಂದದ್ರಿ ಕೂಸು. ದವಾಖಾನ್ಯಾಗ ಈ ಚಾಕು ಇಟ್ಟ ದಿನದಿಂದ ಹಾಲು ಕುಡೀಲಿಕ್ಕ ಸುರು ಮಾಡ್ತು.” ದಿಂಬಿನ ಕೆಳಗೆ ಕೈ ಹಾಕಿ ಚಾಕು ತೆಗೆದಳು. ತೆಗೆದು, ಒರೆಸಿ, ಕೌಸಲ್ಯಾಬಾಯಿಯ ಎದುರು ಚಾಪೆಯ ಮೇಲೆ ಇಟ್ಟಳು. “ನಿಮ್ಮ ವಸ್ತು, ತೊಗೊಳ್ರಿ.” ಹೇಳಿದವಳ ಕೈ ಮಾತ್ರ ತಿರುಗಿ ಹೋಗಿ ದಿಂಬಿನಡಿಯ ಖಾಲಿ ಜಾಗವನ್ನು ತಡವುತ್ತಿತ್ತು.

ಕೌಸಲ್ಯಾಬಾಯಿ ಚಾಕು ಎತ್ತಿಕೊಂಡಳು. ಹನ್ನೊಂದು ದಿನ ಮೂರು ಊರು ಸುತ್ತಿ ಬಂದ ಕಟ್ಟಿಗೆಯ ಹಿಡಿ ಬೆಚ್ಚಗಿತ್ತು. “ಮನ್ಯಾಗ ಹೇಳಿಲ್ರಿ ನಾನೂ” ಅಂತ ಇದ್ದದ್ದೆಲ್ಲ ಹೇಳಿಕೊಂಡಳು. ಅಣ್ಣನ ಕಥೆ, ಎಮ್ಮೆಯ ಫೋನು, ಮೊಪೆಡ್ಡಿನ ಕೀಲಿ. “ಈಗ ಒಯ್ದು ಸುಮ್ಮ ಅವರ ಹಳೇ ಔಷಧದ ಚೀಲದಾಗ ಹಾಕಿಬಿಡ್ತೇನಿ. ಸಿಕ್ತು ಅಂತ ಖುಷಿ ಆಗ್ತಾರ, ಮುಗೀತು.”

ಸುಮಿತ್ರಾಬಾಯಿ ಯಾವ ಕುಹಕವೂ ಇಲ್ಲದೆ ಕೇಳಿದಳು: “ಹಂಗಾದ್ರ ತಾವೇ ಚೀಲದಾಗ ಇಟ್ಟು ಮರ್ತೆ ಅನ್ಕೋಳ್ಳೂದಿಲ್ಲೇನ್ರಿ ಅವರು?”

ಕೌಸಲ್ಯಾಬಾಯಿಯ ಕೈ ಅಲ್ಲೇ ನಿಂತಿತು. ಎಂಥ ಹುಚ್ಚಿ ತಾನು! ಇಷ್ಟು ದೂರ ಬಂದು ಒಯ್ಯುತ್ತಿದ್ದದ್ದು ಔಷಧವಲ್ಲ, ರೋಗವೇ. ಚಾಕು ಎಲ್ಲಿ ಸಿಕ್ಕರೂ, ಜಾಕೀಟಿನಲ್ಲಿ ಸಿಕ್ಕರೂ ಕೂಡ, ಗೋರಖನಾಥನ ತಲೆ ಕೆಟ್ಟಿದೆ ಅನ್ನುವುದಕ್ಕೆ ಅದೇ ಪುರಾವೆಯಾಗುತ್ತದೆ. ಕಳೆದಾಗ ಅನುಮಾನ ಇತ್ತು. ಸಿಕ್ಕರೆ ಖಾತ್ರಿ ಆಗುತ್ತದೆ. ಅವನಿಗೆ ಬೇಕಾದದ್ದು ಚಾಕುವಲ್ಲ, ತನ್ನ ಬಾಯಿಂದ ಬರಬೇಕಾದ ನಾಲ್ಕು ಮಾತು.

ಅಲ್ಲಿಯೇ ಕುಳಿತು ಫೋನು ಹಚ್ಚಿದಳು.

“ನಾ ಔರಾದದಾಗ ಇದ್ದೀನ್ರಿ.”

“ಬೀದರಕ್ಕ ಹೋದಾಕಿ ಔರಾದದಾಗ ಏನ್ ಮಾಡ್ಲತ್ತಿ?”

“ನಿಮ್ಮ ಚಾಕು ಇಲ್ಲೇ ಅದ. ನಾನೇ ತೊಗೊಂಡಿದ್ದೆ, ಕೂಸಿನ ದಿಂಬಿನ ಕೆಳಗ ಇಡ್ಲಿಕ್ಕ. ನಾನೇ ದವಾಖಾನ್ಯಾಗ ಮರ್ತು ಬಂದಿದ್ದೆ. ನೀವು ಏನೂ ಮರ್ತಿಲ್ಲ. ಕೇಳಸ್ಲತ್ತದೇನ್ರಿ?”

ಆ ಕಡೆಯಿಂದ ಬಂದ ದನಿ ಮೆತ್ತಗಿತ್ತು. “ಅಣ್ಣಗೂ ನಾವು ಹಿಂಗೇ ಹೇಳ್ತಿದ್ವಿ ಕೌಸಲ್ಯಾ. ‘ಚಸ್ಮಾ ನಾವೇ ತೆಗದಿಟ್ಟಿದ್ವಿ, ನೀ ಮರ್ತಿಲ್ಲ’ ಅಂತ. ಹೊಸಾ ಚಸ್ಮಾ ತಂದು ಹಳೇದು ಅಂತ ಕೊಟ್ವಿ. ನೀನೂ ಇದ್ದಿ ಅವಾಗ.”

“ಇದು ಖರೆನ್ರಿ! ನಿಮ್ಮಾಣೆ ಖರೆ!”

“ಅದನ್ನೂ ಹಿಂಗೇ ಹೇಳ್ತಿದ್ವಿ.”

ಆಗ ಕೌಸಲ್ಯಾಬಾಯಿಗೆ ಸಿಟ್ಟು ಬಂತು. ಅಳು ಬರಬೇಕಾದಾಗೆಲ್ಲ ಅವಳಿಗೆ ಮೊದಲು ಬರುವುದು ಸಿಟ್ಟೇ. “ಹಂಗಾದ್ರ ಬಂದು ಕಣ್ಣಿಲೆ ನೋಡ್ರಿ! ಸಿಕ್ಕ ಬಸ್ಸಿಗಿ ಹತ್ರಿ, ಸ್ಟ್ಯಾಂಡಿನ ಹಿಂದ ಬೀಜ ಗೊಬ್ಬರದ ಅಂಗಡಿ ಮನಿ. ನೀವು ಬರೂ ತನಕಾ ನಾ ಈ ಮನಿ ಬಿಟ್ಟು ಏಳೂದಿಲ್ಲ, ಇಲ್ಲೇ ಇವರ ಸೊಸಿ ಬಾಣಂತನ ಮಾಡ್ಕೋತ ಇರ್ತೇನಿ!” ಅಂದು ಫೋನು ಇಟ್ಟಳು. ಬಾಣಂತಿ ಬೆಚ್ಚಿ ಕಣ್ಣು ಬಿಟ್ಟಳು. ಕೂಸು ಮಾತ್ರ ಬೆಚ್ಚಲಿಲ್ಲ.

ಮೂರೂವರೆಗೆ ಗೋರಖನಾಥ ಬಂದ. ಅದೇ ಬೂದು ಜಾಕೀಟು. ಮುಖ ಬಾಡಿತ್ತು, ಹೆದರಿದವನ ಹಾಗೆ ಹೊಸ್ತಿಲ ಬಳಿ ನಿಂತ. ಕೌಸಲ್ಯಾಬಾಯಿ ಚಾಕು ತರಲು ಏಳುವಷ್ಟರಲ್ಲಿ ಕೈ ಅಡ್ಡ ಮಾಡಿದ.

“ತೋರಸ್ಬ್ಯಾಡ. ಮೊದಲ ನಾ ಕೇಳ್ತೇನಿ, ನೀ ಹೇಳು. ಎ‌ಲ್ಲಿಂದ ತೊಗೊಂಡಿ?”

“ಜಾಕೀಟಿನ ಒಳಜೇಬಿನಿಂದ.”

“ಯಾವಾಗ?”

“ಗುರುವಾರ ಸಂಜಿಗಿ. ನೀವು ಮೈ ತೊಳಕೋಲತ್ತಿದ್ರಿ.”

“ಉಂಗುರ ಹ್ಯಾಂಗಿತ್ತು?”

“ತಿರುವಿ ಬಂದ್ ಮಾಡಿತ್ತು.”

ಗೋರಖನಾಥ ಬಾಗಿಲ ಚೌಕಟ್ಟು ಹಿಡಿದುಕೊಂಡ. ಇಷ್ಟೆಲ್ಲ ಸರಿ ಬಂದರೂ ಅವನಿಗೆ ನಂಬಿಕೆ ಹುಟ್ಟಿರಲಿಲ್ಲ. ಇದನ್ನೆಲ್ಲ ಹನ್ನೊಂದು ದಿನ ತಾನೇ ಮನೆಯಲ್ಲಿ ಹೇಳಿಕೊಂಡು ತಿರುಗಿದ್ದ, ಹೆಂಡತಿ ಕೇಳಿ ಕಲಿತಿರಬಹುದು. ಯಾರಿಗೂ ಹೇಳದ ಒಂದು ಪ್ರಶ್ನೆ ಅವನ ಹತ್ತಿರ ಉಳಿದಿತ್ತು. ಅದನ್ನೂ ಕೇಳಿದ.

“ಚಾಕುವಿನ ಜೋಡಿ ಜೇಬಿನಾಗ ಇನ್ನೇನಿತ್ತು?”

“ಲವಂಗದ ಪುಡಿಕಿ” ಅಂದಳು ಕೌಸಲ್ಯಾಬಾಯಿ ತಟ್ಟನೆ. “ಪೇಪರಿನಾಗ ಸುತ್ತಿತ್ತು. ಎರಡು ಲವಂಗ.”

ಗೋರಖನಾಥನ ಮುಖ ಇಳಿಯಿತು. “ಮೂರು.”

“ಎರಡೇ ರೀ.”

“ಮೂರು, ಕೌಸಲ್ಯಾ. ಹಲ್ಲ ನೋವಿಗಿ ಅಂತ ನಾನೇ ಎಣಿಸಿ ಮೂರು ಕಟ್ಟಿದ್ದೆ. ಎರಡಂದ್ರ...” ಸುಮಿತ್ರಾಬಾಯಿ ಇಬ್ಬರನ್ನೂ ನೋಡುತ್ತಿದ್ದಳು.

ಕೌಸಲ್ಯಾಬಾಯಿ ತಲೆ ತಗ್ಗಿಸಿದಳು. “ಒಂದು ನಾ ಬಾಯಾಗ ಹಾಕ್ಕೊಂಡೆ.”

“ಏನಂದಿ?”

“ಬಾಯಿ ಒಣಗಿತ್ತು ರೀ, ಕಳವು ಮಾಡೂದು ಅಂದ್ರ ರೂಢಿ ಬೇಕಲ್ಲ! ಮೂರೇ ಇದ್ದವು. ಒಂದು ನಾ ತಿಂದೆ.”

ಗೋರಖನಾಥ ಅಲ್ಲೇ ಹೊಸ್ತಿಲ ಮೇಲೆ ಕುಕ್ಕರಿಸಿದ. ಮೊದಲು ಅವನ ಹೆಗಲು ಕುಲುಕಿದವು, ಅಳುತ್ತಿದ್ದಾನೆ ಅಂದುಕೊಂಡರು. ಆಮೇಲೆ ನೋಡಿದರೆ ನಗುತ್ತಿದ್ದ. ಆಮೇಲೆ ಮತ್ತೆ ನೋಡಿದರೆ ಅಳುತ್ತಲೂ ಇದ್ದ. “ಮೂರೇ ಇದ್ದವು” ಅಂತ ಸುಮಿತ್ರಾಬಾಯಿಗೆ ಹೇಳಿದ, ಅವಳೇನೋ ಜಗಳಕ್ಕೆ ಬಂದವಳ ಹಾಗೆ. “ಕೇಳಿದ್ರೇನ್ರಿ ಬಾಯಿಯವರ? ನಾ ಹೇಳ್ಲಿಲ್ಲಾ? ಮೂರೇ ಇದ್ದವು!”

ನೀರು ಕುಡಿದು, ಮುಖ ತೊಳೆದು, ಚಾಕು ನೋಡಿದ. ಉಂಗುರ ತಿರುವಿ ಪರೀಕ್ಷೆ ಮಾಡಿದ. ಆಮೇಲೆ ಕಣ್ಣು ಕೂಸಿನ ಮೇಲೆ ಹೋಯಿತು, ಚಾಕು ಮರೆತೇಹೋಯಿತು. “ದಿನ ತುಂಬಿಲ್ಲೇನು?” ಅಂದ. ಬಗ್ಗಿ ಉಸಿರಾಟ ನೋಡಿದ, ಅಂಗಾಲು ಮುಟ್ಟಿ ನೋಡಿದ. “ಕಾಲು ತಣ್ಣಗವ. ತಾಯಿ ಎದಿಗಿ ಅಪ್ಪಿಗೊಂಡು ಮಲಗ್ಸ್ರಿ, ಮೈಗೆ ಮೈ ಹತ್ತಬೇಕು. ಎರಡೆರಡು ತಾಸಿಗೊಮ್ಮಿ ಹಾಲು, ಮಲಗಿದ್ರೂ ಎಬ್ಬಿಸಿ ಕೊಡ್ರಿ. ವಾರಕ್ಕೊಮ್ಮಿ ತೂಕ ಮಾಡಿಸ್ರಿ. ಕೂಸು ಉಳಿಯೂದು ಇದರಿಂದ, ತಿಳೀತೇನ್ರಿ? ಕಬ್ಬಿಣದಿಂದಲ್ಲ.”

ಸುಮಿತ್ರಾಬಾಯಿ ಹೂಂಗುಟ್ಟಿದಳು. ಹೂಂಗುಟ್ಟುತ್ತಲೇ ಅವಳ ಕೈ ಮತ್ತೆ ದಿಂಬಿನಡಿ ಹೋಗಿ ಖಾಲಿ ಜಾಗ ತಡವಿತು. ಗೋರಖನಾಥ ಅದನ್ನು ನೋಡಿದ. ಭಾಷಣ ಶುರುವಾಗುತ್ತದೆ ಅಂತ ಕೌಸಲ್ಯಾಬಾಯಿ ಸೆರಗು ಬಿಗಿದುಕೊಂಡು ಕುಳಿತಳು. ಅವನು ಎದ್ದು, ಉಂಗುರ ಇನ್ನೊಮ್ಮೆ ಬಿಗಿಯಾಗಿ ತಿರುವಿ, ಬಾಣಂತಿಯ ಕಡೆ ನೋಡದ ಹಾಗೆ ಮುಖ ತಿರುಗಿಸಿಕೊಂಡು, ಚಾಕುವನ್ನು ದಿಂಬಿನ ಕೆಳಗೆ ಸರಿಸಿದ.

“ಕೂಸಿಗಲ್ಲ ಇದು” ಅಂದ ಸುಮಿತ್ರಾಬಾಯಿಗೆ. “ನಿಮಗ. ನಿಮ್ಮ ಕಣ್ಣು ನೋಡ್ರಿ ಹ್ಯಾಂಗಾಗ್ಯಾವ. ನೀವು ಮಲಗಿದ್ರಲ್ಲಾ ಕೂಸಿನ ಆರೈಕಿ ಮಾಡೂದು? ತೊಟ್ಟಿಲಾಗ ಹಾಕಿದ ಮ್ಯಾಲ ಕಳಿಸಿಕೊಡ್ರಿ.”

ಐದರ ಭಾಲ್ಕಿ ಬಸ್ಸಿನಲ್ಲಿ ಸೀಟು ಸಿಕ್ಕಿತು. ಬಸ್ಸು ಊರು ದಾಟಿದ ಮೇಲೆ ಗೋರಖನಾಥನ ಖುಷಿ ಇಳಿದು ಸಿಟ್ಟು ಏರಿತು. ಕಿಟಕಿಯ ಕಡೆ ಮುಖ ಮಾಡಿ ಕುಳಿತ. ತೊಗರಿ ಹೊಲಗಳು ಹಿಂದೆ ಹೋದವು.

“ಹನ್ನೊಂದು ದಿನ” ಅಂದ ಕೊನೆಗೆ. “ಹನ್ನೊಂದು ದಿನ ನಾ ಹ್ಯಾಂಗ ಕಳ್ದೆ, ನಿನಗೇನ ಗೊತ್ತು? ನೋಡ್ಕೋತ ಸುಮ್ಮ ಕೂತಿದ್ದಿಯಲ್ಲ ನೀ.”

“ತಪ್ಪಾಯ್ತು ರೀ.” ಈ ಸಲ ಅವಳಿಗೆ ಸಿಟ್ಟು ಬರಲಿಲ್ಲ. “ದಿನಾ ಹೇಳಬೇಕು ಅಂತ ಬರ್ತಿದ್ದೆ. ನಿಮ್ಮ ಮುಖ ನೋಡಿದ್ರ ಬಾಯಿ ಕಟ್ತಿತ್ತು. ಭಾಳ ದೊಡ್ಡ ತಪ್ಪಾಯ್ತು.”

ಅವನು ಉತ್ತರ ಕೊಡುವಷ್ಟರಲ್ಲಿ ಕಂಡಕ್ಟರ್ ಬಾಯಿ ಬಂದಳು. ಕೌಸಲ್ಯಾಬಾಯಿಗೆ ಫ್ರೀ ಟಿಕೆಟ್ ಹರಿದುಕೊಟ್ಟು, “ಅಜ್ಜಾರ, ನಿಮ್ಮ ವಯಸ್ಸಿಂದು ಕಾರ್ಡು ತೋರಿಸ್ರಿ” ಅಂದಳು. ಗೋರಖನಾಥ ಜೇಬಿನಿಂದ ಪ್ಲಾಸ್ಟಿಕ್ ಕವರು ತೆಗೆದ, ಅದರಿಂದ ಆಧಾರ್ ಕಾರ್ಡು ಎಳೆದ. ಕಾರ್ಡಿನ ಜೊತೆ ಮಡಚಿದ ಚೀಟಿಯೊಂದು ಜಾರಿ ಕೌಸಲ್ಯಾಬಾಯಿಯ ಉಡಿಯಲ್ಲಿ ಬಿತ್ತು. ಅವನು ಚಿಲ್ಲರೆ ಎಣಿಸುವುದರಲ್ಲಿದ್ದ. ಅವಳು ಬಿಡಿಸಿ ನೋಡಿದಳು.

ಔಷಧದ ಬಾಟಲಿಗಳ ಮೇಲೆ ಚೀಟಿ ಅಂಟಿಸಿ ಅಂಟಿಸಿ ರೂಢಿಯಾದ ಅದೇ ದುಂಡನೆಯ ಅಕ್ಷರ. ಸಾಲಿಗೊಂದು ಮಾತು.

“ಈಕೆ ಕೌಸಲ್ಯಾ. ನಿನ್ನ ಹೆಂಡತಿ.
ಹೆಸರು ನೆನಪಾಗದಿದ್ದರೆ ಕೇಳಬೇಡ. ಅಳುತ್ತಾಳೆ.
ಸುಮ್ಮನೆ ಕೈ ಹಿಡಿದುಕೊಂಡು ಕೂಡು.
ಏನು ಕೊಟ್ಟರೂ ತಿನ್ನು. ಉಪ್ಪು ಹೆಚ್ಚಾಗಿದೆ ಅನ್ನಬೇಡ.”

ಕೌಸಲ್ಯಾಬಾಯಿ ಅದನ್ನು ಓದಿದಳು. ಮತ್ತೆ ಓದಿದಳು. ಕಂಡಕ್ಟರ್ ಮುಂದಿನ ಸೀಟಿಗೆ ಹೋದಳು. ಗೋರಖನಾಥ ತಿರುಗಿ ನೋಡಿದ, ಚೀಟಿ ಕಂಡ, ಕಿವಿಯ ತನಕ ಕೆಂಪಾದ.

“ಕೊಡಿಲ್ಲಿ. ಹರಿದು ಒಗೀತೇನಿ. ಇನ್ನ ಬೇಕಾಗಿಲ್ಲ ಅದು, ನನ್ನ ತಲಿ ಛಲೋ ಅದ.”

“ಕೊಡೂದಿಲ್ಲ.”

“ಹುಚ್ಚಿ, ಯಾಕ ಅಳ್ತಿ? ಎಲ್ಲಾರೂ ನೋಡ್ಲತ್ತಾರ. ಏನ್ ಮಾಡ್ಲಿ ಹೇಳು, ನಾ ಏನ್ ಮಾಡ್ಲಿ ಈಗ?”

“ಚೀಟ್ಯಾಗ ಬರೆದಂಗ ಮಾಡ್ರಿ” ಅಂದಳು.

ಮದುವೆಯಾಗಿ ನಲವತ್ಮೂರು ವರ್ಷದಲ್ಲಿ ಗೋರಖನಾಥ ನಾಲ್ಕು ಜನರ ಎದುರು ಹೆಂಡತಿಯ ಕೈ ಹಿಡಿದವನಲ್ಲ. ಹಿಂದೆ ನೋಡಿದ, ಮುಂದೆ ನೋಡಿದ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ ಅವಳ ಕೈ ತೆಗೆದು ತನ್ನ ಎರಡೂ ಕೈಯೊಳಗೆ ಇಟ್ಟುಕೊಂಡ.

“ಕೌಸಲ್ಯಾ” ಅಂದ.

“ಸುಮ್ಮ ಕೂಡ್ರಿ ಅಂತ ಬರೆದದ.”

ಅವನು ಭಾಲ್ಕಿ ಬರುವ ತನಕ ಸುಮ್ಮನೆ ಕುಳಿತ.